ಅರಳಿಕಟ್ಟೆ ಸುತ್ತಿದ ಕಾರು

ಹುಸೇನಪ್ಪ ರಾಯಚೂರಿನ ಹತ್ತಿ ಮಿಲ್ಲಿನ ಮ್ಯಾನೇಜರ್ ದೇಸಾಯಿ ಸಾಹೇಬರ ಡ್ರೈವರ್. ಮದುವೆಯಾಗಿ ವರ್ಷಗಳೇ ಕಳೆದರೂ ಅವನ ಮನೆಯಲ್ಲಿ ತೊಟ್ಟಿಲು ತೂಗಿರಲಿಲ್ಲ. ಮಿಲ್ಲಿನವರ ಆರೋಗ್ಯ ವಿಮೆ ಬದಲಿಸುವ ಹೊತ್ತಿಗೆ ಅವನು ಕೈ ಮುಗಿದ. "ಸಾಹೇಬ್ರ, ಮಕ್ಕಳಾಗೋ ಚಿಕಿತ್ಸೆನೂ ಸೇರಿರೋ ವಿಮೆ ತಗೋರಿ."

"ಮಕ್ಕಳಾಗದಿರೋದು ಜಡ್ಡೇನೋ? ಜ್ವರ ಐತಾ? ನೋವೈತಾ? ಹೋಗಿ ಅರಳಿಕಟ್ಟೆ ಸುತ್ತು!" ಎಂದರು ಸಾಹೇಬರು. ಹಲ್ಲು, ಕನ್ನಡಕದ ಖರ್ಚು ಕೊಡುವ ವಿಮೆಯೇ ಸಾಕಂತೆ.

ಮರುದಿನ ಉರಿಬಿಸಿಲಲ್ಲಿ ಕಾರಿನ ಎಸಿ ಕೆಟ್ಟಿತು. "ಗ್ಯಾರೇಜಿಗೆ ನಡಿ!" ಎಂದರು ಸಾಹೇಬರು. ಹುಸೇನಪ್ಪ ಸೀದಾ ಅರಳಿಕಟ್ಟೆಗೆ ಹೋಗಿ ಕಾರನ್ನು ಸುತ್ತಿಸತೊಡಗಿದ. ಕಟ್ಟೆಯ ಮೇಲೆ ಮಲಗಿದ್ದ ಮುದುಕರೆಲ್ಲ ಎದ್ದು ಕೂತರು.

"ಏ ಹುಚ್ಚಾ, ಏನ್ ಮಾಡಾಕತ್ತೀ?" ಎಂದು ಹಿಂದಿನ ಸೀಟಿನಿಂದ ಸಾಹೇಬರು ಕೂಗಿದರು.

"ಕಾರಿಗೆ ಜ್ವರಿಲ್ಲ, ನೋವಿಲ್ಲ ಸಾಹೇಬ್ರ. ತಂಪು ಗಾಳಿ ಬರವಲ್ದು, ಅಷ್ಟ. ಅದೇನು ಜಡ್ಡಲ್ಲಲ್ರೀ, ಸುತ್ತಿದ್ರ ಬರ್ತೈತಿ."

ಬೆವರಲ್ಲಿ ತೊಯ್ದ ಸಾಹೇಬರು ಮೊದಲು ಬೈದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಸಾಕು ನಿಲ್ಸೋ ನನ್ನಪ್ಪಾ! ನೀ ಕೇಳಿದ ವಿಮೆನ ತಗೋತೀನಿ."

ಮುಂದೆ ಚಿಕಿತ್ಸೆ ಫಲಿಸಿತು. ಹುಟ್ಟಿದ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹುಸೇನಪ್ಪ ಸಾಹೇಬರನ್ನು ಮನೆಗೆ ಕರೆತರುವಾಗ ಕಟ್ಟೆಗೆ ಮತ್ತೊಂದು ಸುತ್ತು ಹಾಕಿದ.

"ಎಸಿ ಸರಿ ಐತಲ್ಲೋ, ಈಗ್ಯಾಕ?"

"ನಿಮ್ಮ ಮನಸ್ಸು ಕರಗಿದ ಜಾಗ ಸಾಹೇಬ್ರ. ಕೈ ಮುಗಿಲಾರ್ದ ಹ್ಯಾಂಗ ಹೋಗ್ಲಿ?"