ಮೇಲಿನ ಕಾಳು

ಪಾಠ ಮುಗಿದಾಗ ಶಶಿಕಲಾಳಿಗೆ ಒಂದು ರೂಢಿ ಇತ್ತು. ಸೀಮೆಸುಣ್ಣದ ತುಂಡನ್ನು ಡಬ್ಬಿಗೆ ಹಾಕುವ ಮೊದಲು ಮುಂದಿನ ಬೆಂಚಿನ ಕಡೆ ನೋಡಿ “ತಿಳೀತಾ?” ಎಂದು ಕೇಳುತ್ತಿದ್ದಳು. ಮುಂದಿನ ಬೆಂಚಿನವರು ತಲೆಯಾಡಿಸುತ್ತಿದ್ದರು. ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು. ಆ ಮುಚ್ಚಳ ಬೀಳುವ ಸಪ್ಪಳ ಅವಳಿಗೆ ಹಿತವಾಗಿತ್ತು. ಅಂದಿನ ಕೆಲಸ ಅಂದಿಗೆ ಆಯಿತು ಎನ್ನುವಂತೆ ಇರುತ್ತಿತ್ತು.

ಅವಳು ಕಲಿಸುತ್ತಿದ್ದುದು ಮನೆ ವೈರಿಂಗ್. ಊರಿನ ತರಬೇತಿ ಕೇಂದ್ರಕ್ಕೆ ಮೂವತ್ತೆರಡು ಮಂದಿ ಹೆಂಗಸರು ಅದನ್ನು ಕಲಿಯಲು ಬರುತ್ತಿದ್ದರು. ಶಶಿಕಲಾಳಿಗೆ ಆ ವಿದ್ಯೆ ಕಲಿಸಿದವರು ಫಕೀರಪ್ಪ ಮಾಸ್ತರು. ನಿವೃತ್ತರಾದ ಮೇಲೂ ಅವರು ಕೇಂದ್ರವನ್ನು ಬಿಟ್ಟಿರಲಿಲ್ಲ. ತರಗತಿಯ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕುಳಿತು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುತ್ತಿದ್ದರು. ಕೇಳಿದರೆ ಹೇಳುವರು, ಕೇಳದಿದ್ದರೆ ಸುತ್ತುವರು.

ಎರಡು ತಿಂಗಳಾದ ಮೇಲೆ ಒಂದು ಪರೀಕ್ಷೆ ನಡೆಯಿತು. ಹನ್ನೊಂದು ಮಂದಿ ತೇರ್ಗಡೆಯಾಗಲಿಲ್ಲ. ಕಚೇರಿಯವರು ಅವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಶಶಿಕಲಾಳ ಕೈಗೆ ಕೊಟ್ಟರು. ಸಂಜೆಯೊಳಗೆ ಅವಳು ಸಹಿ ಹಾಕಬೇಕು. ಸಹಿ ಬಿದ್ದರೆ ಆ ಹನ್ನೊಂದು ಮಂದಿ ನಾಳೆಯಿಂದ ಬರುವಂತಿಲ್ಲ, ಮತ್ತೆ ಸೇರುವಂತೆಯೂ ಇಲ್ಲ. ಶಶಿಕಲಾ ಕೆಟ್ಟ ಮನಸ್ಸಿನವಳಲ್ಲ. ಉಳಿದ ಇಪ್ಪತ್ತೊಂದು ಮಂದಿ ಇವರಿಗಾಗಿ ಕಾಯುತ್ತ ಕೂಡಬೇಕಾಗುತ್ತದಲ್ಲ ಎಂಬುದೇ ಅವಳ ಚಿಂತೆ. ಆದರೂ ತೆಗೆದ ಪೆನ್ನನ್ನು ಮತ್ತೆ ಮುಚ್ಚಿದಳು. ಹಾಳೆಯನ್ನು ನಾಲ್ಕಾಗಿ ಮಡಿಚಿ ಕಟ್ಟೆಯ ಹತ್ತಿರ ಬಂದಳು.

“ಸರ್, ಪಾಠ ಒಂದ, ತಾಸು ಒಂದ, ಹೇಳೋ ಬಾಯಿನೂ ಒಂದ. ಕೆಲವರ ತಲಿಗೆ ಹತ್ತತದ, ಕೆಲವರಿಗೆ ಹತ್ತೂದಿಲ್ಲ. ಹತ್ತಲಾರದವರನ್ನ ಬಿಟ್ಟು ಮುಂದ ಹೋದ್ರ ತಪ್ಪೇನ್ರಿ?”

ಮಾಸ್ತರು ಹಾಳೆಯ ಕಡೆ ನೋಡಲಿಲ್ಲ. ತಂತಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಒಂದು ಬಿಯರಿನ ಕತೆ ಹೇಳುತ್ತೇನೆ, ಕೂತುಕೋ ಎಂದರು. ಶಶಿಕಲಾ ಅವರ ಮುಖ ನೋಡಿದಳು. ಮಾಸ್ತರು ಚಹಾ ಬಿಟ್ಟರೆ ಬೇರೇನೂ ಕುಡಿದವರಲ್ಲ.

“ಕುಡ್ಯಾಕಲ್ಲವ್ವಾ, ಕೇಳಾಕ,” ಎಂದರು ಮಾಸ್ತರು.

ಅವರು ಹೇಳಿದ ಕತೆ ಇದು.

ಒಂದು ಊರು. ಆ ಊರಿನಲ್ಲಿ ಮನೆಗೆ ಬೇಕಾದಷ್ಟು ಬಿಯರನ್ನು ಮನೆಯಲ್ಲೇ ಮಾಡಿಕೊಳ್ಳಲು ಯಾರ ಅಡ್ಡಿಯೂ ಇರಲಿಲ್ಲ. ಅಲ್ಲೊಬ್ಬ ವೈರಿಂಗ್ ಕೆಲಸದವನಿದ್ದ. ಎಲ್ಲರೂ ಹಂಡೆ ಇಟ್ಟು ಸೌದೆ ಉರಿಸಿ ಬಿಯರ್ ಕಾಯಿಸುತ್ತಿದ್ದರೆ, ಇವನಿಗೆ ಹೊಗೆ ಆಗುತ್ತಿರಲಿಲ್ಲ. ಕರೆಂಟಿನಲ್ಲೇ ನಡೆಯುವ ಸಾಧನವೊಂದನ್ನು ಕೈಯಾರೆ ಕಟ್ಟುತ್ತೇನೆ ಎಂದ. ಯುಗಾದಿಗೆ ಬಾ, ನನ್ನ ಸಾಧನದ ಬಿಯರ್ ಕುಡಿಸುತ್ತೇನೆ ಎಂದು ಹೆಂಡತಿಯ ತಮ್ಮನಿಗೆ ಮಾತನ್ನೂ ಕೊಟ್ಟ.

ಹಳೆಯದೊಂದು ಹಾಲಿನ ಕ್ಯಾನು ತಂದ. ತಳದಲ್ಲಿ ಹೀಟರ್ ಕಾಯಿಲ್ ಕೂಡಿಸಿದ. ಕಾಳು ಕಾಯಿಲಿಗೆ ತಾಗಿ ಸೀಯದಿರಲಿ ಎಂದು ಅದರ ಮೇಲೆ ತೂತಿನ ತಟ್ಟೆ ಇಟ್ಟ. ನೀರಿನ ಬಿಸಿಯನ್ನು ಅಳೆಯಲು ಒಂದು ಸೆನ್ಸರ್ ಬೇಕಿತ್ತು. ಕ್ಯಾನಿನ ತಳದ ಹತ್ತಿರ ಮೊದಲೇ ಒಂದು ತೂತಿತ್ತು. ಇನ್ನೊಂದು ಕೊರೆಯಲು ಮನಸ್ಸಾಗದೆ ಸೆನ್ಸರನ್ನು ಅಲ್ಲಿಯೇ, ಕಾಯಿಲಿನ ಮಗ್ಗುಲಲ್ಲಿಯೇ ಕೂಡಿಸಿದ. ಹೊರಗೆ ಒಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಎರಡು ದೀಪ. ಕಾಯಿಲ್ ಕಾಯುವಾಗ ಕೆಂಪು, ಹದ ಬಂದಾಗ ಹಸಿರು. ಆ ಹಸಿರು ದೀಪದ ಮೇಲೆ ಅವನಿಗೆ ಬಹಳ ಪ್ರೀತಿ. ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದ.

ಬಿಯರಿನ ಕೆಲಸ ನೋಡಲು ಸುಲಭ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ ನೀರಿಗೆ ಹಾಕಬೇಕು. ಆ ನೀರನ್ನು ಅರವತ್ತಾರು ಡಿಗ್ರಿಯಲ್ಲಿ ಒಂದು ತಾಸು ಇಡಬೇಕು. ಅಷ್ಟಾದರೆ ಕಾಳಿನೊಳಗಿನ ಹಿಟ್ಟು ತಾನೇ ಸಕ್ಕರೆಯಾಗುತ್ತದೆ. ಹೊರಗಿನಿಂದ ಏನೂ ಬೆರೆಸಬೇಕಿಲ್ಲ. ಸಿಹಿಯಾಗುವ ಗುಣ ಕಾಳಿನಲ್ಲೇ ಇದೆ. ಅದಕ್ಕೆ ಬೇಕಾದದ್ದು ಹದವಾದ ಕಾವು ಮಾತ್ರ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಎರಡು ವಾರ ಬಿಟ್ಟರೆ ಬಿಯರ್.

ಅವನು ಬಾರ್ಲಿ ಹಾಕಿದ, ಸ್ವಿಚ್ ಒತ್ತಿದ. ಕೆಂಪು ದೀಪ ಉರಿಯಿತು. ಅವನು ಎಣಿಸಿದ್ದಕ್ಕಿಂತ ಬೇಗನೆ ಹಸಿರಾಯಿತು. ಸಾಧನವೆಂದರೆ ಹೀಗಿರಬೇಕು ಎಂದುಕೊಂಡ. ಒಂದು ತಾಸು ಕಾದ, ಸೋಸಿದ, ಕುದಿಸಿದ. ಉಳಿದ ಚರಟವನ್ನು ಪಕ್ಕದ ಮನೆಯ ಎಮ್ಮೆಯವಳಿಗೆ ಕೊಟ್ಟ.

ಎರಡು ವಾರವಾದ ಮೇಲೆ ನೋಡಿದರೆ ಬಿಯರ್ ನೀರು ನೀರಾಗಿತ್ತು. ನೊರೆಯಿಲ್ಲ, ರುಚಿಯಿಲ್ಲ. ಯುಗಾದಿಗೆ ಬಂದ ಭಾವಮೈದುನ ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟ.

“ಭಾವ, ಇದು ಬಿಯರಲ್ಲ, ಬಾರ್ಲಿ ಮೈತೊಳಕೊಂಡ ನೀರು.”

ಮನೆಯವರೆಲ್ಲ ನಕ್ಕರು. ಅವರ ಜೊತೆಗೆ ಅವನೂ ನಕ್ಕ. ದೀಪ ಹಸಿರಾಗಿದ್ದುದನ್ನು ಅವನು ಕಣ್ಣಾರೆ ಕಂಡಿದ್ದ. ಆದ್ದರಿಂದ ತಪ್ಪು ಕಾಳಿನದು ಎಂದು ತೀರ್ಮಾನಿಸಿದ. ಬಾರ್ಲಿ ಮಾರಿದವನನ್ನು ಬೈದು ಬೇರೆಯವನಲ್ಲಿ ತಂದ. ಅದೂ ಹಾಗೆಯೇ ಆಯಿತು. ದೂರದ ಊರಿನಿಂದ ಮೂರನೆಯ ಬಗೆಯ ಬಾರ್ಲಿ ತರಿಸಿದ. ಅದೂ ನೀರು. ಈ ಕಾಲದ ಕಾಳಿನಲ್ಲಿ ಸತ್ವವೇ ಇಲ್ಲ ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದ. ಸಾಧನವನ್ನು ಮಾತ್ರ ದಿನವೂ ಒರೆಸಿ ಫಳಫಳ ಎನ್ನಿಸಿ ಇಡುತ್ತಿದ್ದ.

ಒಂದು ಬೆಳಿಗ್ಗೆ ಎಮ್ಮೆಯವಳು ಅವನ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ತಪ್ಪಲೆ ಮೊಸರಿತ್ತು. ಚಾಕು ಹಾಕಿ ಕೊಯ್ಯಬಹುದಾದಷ್ಟು ಗಟ್ಟಿ ಮೊಸರು. ಇದೇಕೆ ಎಂದು ಕೇಳಿದ. ಅವಳು ತಪ್ಪಲೆಯನ್ನು ಹೊಸ್ತಿಲ ಮೇಲಿಟ್ಟಳು.

“ಯಣ್ಣಾ, ಬಿಯರ್ ಕಾರ್ಖಾನಿ ಚರಟದಾಗ ಬರೇ ಹೊಟ್ಟು ಇರತೈತಿ. ನಿನ್ನ ಚರಟದಾಗ ಹಿಟ್ಟೆಲ್ಲಾ ಹಂಗ ಐತಿ. ಕಾಳು ಯಾವುದಾರ ತಾ, ಚರಟ ಮಾತ್ರ ಹಿಂಗ ಕೊಡು. ನನ್ನ ಎಮ್ಮಿ ದಿನಾ ನಿನ್ನ ಮನಿ ಕಡೆ ಮುಖಾ ಮಾಡಿ ನಿಲ್ಲತೈತಿ.”

ಅವಳು ಹೋದ ಮೇಲೆ ಅವನು ಮೊಸರಿನ ಮುಂದೆ ಕುಳಿತು ಲೆಕ್ಕ ಹಾಕಿದ. ಮೂರು ಬಗೆಯ ಕಾಳು, ಮೂರರಲ್ಲೂ ಸತ್ವವಿತ್ತು. ಸತ್ವವೆಲ್ಲ ಎಮ್ಮೆಗೆ ಹೋಗಿತ್ತು.

ಆ ದಿನವೇ ಮತ್ತೆ ಬಾರ್ಲಿ ಹಾಕಿದ. ಹಸಿರು ದೀಪ ಉರಿದ ಮೇಲೆ ಕರೆಂಟು ತೆಗೆದು, ಇದುವರೆಗೆ ಒಮ್ಮೆಯೂ ಮಾಡದ ಒಂದು ಕೆಲಸ ಮಾಡಿದ. ಮುಚ್ಚಳ ತೆರೆದು ಮೇಲಿನ ಕಾಳಿನೊಳಗೆ ಕೈ ಇಟ್ಟ. ಕೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗಿತ್ತು, ಅಷ್ಟೇ. ಉದ್ದದ ಸೌಟನ್ನು ತಳಕ್ಕಿಳಿಸಿ ಅಲ್ಲಿಯ ನೀರನ್ನು ಮೇಲೆ ತಂದ. ಅದು ಮುಟ್ಟಿದರೆ ಸುಡುತ್ತಿತ್ತು.

ಆಗ ಅವನಿಗೆ ಕಂಡಿತು. ಕಾಳು ಗಟ್ಟಿ ಗಂಜಿಯ ಹಾಗೆ ಒತ್ತಾಗಿ ಕುಳಿತಿತ್ತು. ಕಾವು ಮೇಲೇರಲು ದಾರಿ ಇರಲಿಲ್ಲ. ಕಾಯಿಲ್ ತನ್ನ ಮಗ್ಗುಲಿನ ನೀರನ್ನು ಕಾಯಿಸಿತು. ಮಗ್ಗುಲಲ್ಲೇ ಇದ್ದ ಸೆನ್ಸರ್ ಸಾಕು ಎಂದಿತು. ಕಾಯಿಲ್ ನಿಂತಿತು, ದೀಪ ಹಸಿರಾಯಿತು. ಮಗ್ಗುಲಿನವರಿಬ್ಬರೂ ತಮ್ಮ ತಮ್ಮೊಳಗೆ ಮಾತಾಡಿ ಮುಗಿಸಿದರು. ಮೇಲಿನ ಕಾಳಿಗೆ ಸುದ್ದಿಯೇ ಮುಟ್ಟಲಿಲ್ಲ. ದೀಪ ಸುಳ್ಳು ಹೇಳಿರಲಿಲ್ಲ. ಸೆನ್ಸರ್ ಇದ್ದ ಕಡೆಯ ಸತ್ಯವನ್ನು ಹೇಳಿತ್ತು.

ಅವನು ಕ್ಯಾನಿಗೆ ಎರಡನೆಯ ತೂತು ಕೊರೆದ. ಸೆನ್ಸರನ್ನು ತೆಗೆದು ಮೇಲೆ, ಕಾಳಿನ ನಡುವೆ ಕೂಡಿಸಿದ. ತಳ ಸೀಯದ ಹಾಗೆ ಸೌಟಿನಿಂದ ಆಗಾಗ ಕೈಯಾಡಿಸಿದ, ಕೆಳಗಿನ ಕಾವು ಮೇಲಕ್ಕೆ ಬಂತು. ಈ ಸಲ ಕೆಂಪು ದೀಪ ಬಹಳ ಹೊತ್ತು ಉರಿಯಿತು. ತೋಳು ನೋಯಿತು. ಹಸಿರಾಗುವ ಹೊತ್ತಿಗೆ ಮನೆಯ ತುಂಬ ಬೆಲ್ಲದ ಪಾಕದಂಥ ವಾಸನೆ ಹರಡಿತ್ತು.

ಎರಡು ವಾರ ಕಳೆದು ಭಾವಮೈದುನನನ್ನು ಕರೆಸಿದ. ಅವನು ಒಂದು ಲೋಟ ಕುಡಿದ. ಮೀಸೆಯ ಮೇಲಿನ ನೊರೆ ಒರೆಸಿಕೊಂಡ. ಲೋಟವನ್ನು ಇನ್ನೊಮ್ಮೆ ಮುಂದಕ್ಕೆ ಚಾಚಿದ.

ಬೇಸರವಾದದ್ದು ಎಮ್ಮೆಯವಳಿಗೆ ಮಾತ್ರ. ಮೊಸರು ತೆಳ್ಳಗಾಗಿತ್ತು. ಯಣ್ಣಾ, ನಿನ್ನ ಬಾರ್ಲಿ ಈಗ ಕೆಟ್ಟಿದೆ ನೋಡು, ಮೊದಲಿನವನ ಹತ್ತಿರವೇ ತಾ ಎಂದು ಬುದ್ಧಿ ಹೇಳಿದಳು. ಅವನು ಮನಸಾರೆ ನಕ್ಕ. ಅಂದಿನಿಂದ ಬಾರ್ಲಿ ತಂದಾಗಲೆಲ್ಲ ಒಂದು ಸೇರು ಎತ್ತಿಟ್ಟು ಅವಳ ಎಮ್ಮೆಗೆ ಕಳಿಸಿದ. ಮೊಸರು ಮತ್ತೆ ಗಟ್ಟಿಯಾಯಿತು. ಬಿಯರೂ ಕೆಡಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಮಾಸ್ತರು ಬೆರಳಿನ ತಂತಿಯನ್ನು ಬಿಚ್ಚಿ ಮತ್ತೆ ಮೋಟರಿಗೆ ಸುತ್ತತೊಡಗಿದರು.

ಶಶಿಕಲಾಳಿಗೆ ಕತೆ ಇಷ್ಟವಾಯಿತು. ಎಮ್ಮೆ ಮುಖ ಮಾಡಿ ನಿಲ್ಲುವುದನ್ನು ನೆನೆದು ನಗುವೂ ಬಂತು. ಅವನು ಮೂರು ಸಲ ಕಾಳನ್ನು ಬೈದದ್ದು ತಪ್ಪು, ಒಮ್ಮೆ ಮುಟ್ಟಿ ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು ಎಂದಳು. ಆಮೇಲೆ ತನ್ನ ಪರವಾಗಿ ಒಂದು ಮಾತು ಹೇಳಬೇಕೆನಿಸಿತು.

“ನಾ ಮಾತ್ರ ದಿನಾ ಕೇಳ್ತೀನ್ರಿ ಸರ್. ತಿಳೀತಾ ಅಂತ ಕೇಳದ ಒಂದಿನಾನೂ ಡಬ್ಬಿ ಮುಚ್ಚಿಲ್ಲ.”

ಮಾಸ್ತರು ಹೌದೆಂದು ತಲೆಯಾಡಿಸಿದರು. ಕೇಳುವುದು ತಮಗೂ ಕೇಳಿಸುತ್ತದೆ, ಮುಚ್ಚಳದ ಸಪ್ಪಳವೂ ಕೇಳಿಸುತ್ತದೆ ಎಂದರು. ಆಮೇಲೆ ಅವಳ ಕೈಯ ಹಾಳೆಯನ್ನು ಮೊದಲ ಸಲ ನೋಡಿ, ಬಿಡಿಸು ಎಂದು ಸನ್ನೆ ಮಾಡಿದರು. ಶಶಿಕಲಾ ಬಿಡಿಸಿ ಕಟ್ಟೆಯ ಮೇಲೆ ಹರವಿದಳು. ಗಾಳಿಗೆ ಹಾರದಂತೆ ಮಾಸ್ತರು ಅದರ ಅಂಚಿಗೆ ಇಕ್ಕಳ ಇಟ್ಟು ಹೆಸರುಗಳನ್ನು ಓದಿದರು.

ತರಗತಿಯಲ್ಲಿ ಶಶಿಕಲಾ ಹೆಸರು ಕೂಗುತ್ತಿರಲಿಲ್ಲ, ಹಾಜರಿ ಪುಸ್ತಕ ಕೈಯಿಂದ ಕೈಗೆ ದಾಟಿ, ಸಹಿಗಳನ್ನು ತುಂಬಿಕೊಂಡು ಮೇಜಿಗೆ ಮರಳುತ್ತಿತ್ತು. ಉತ್ತರ ಪತ್ರಿಕೆಗಳ ಮೇಲೆ ಹೆಸರಿನ ಬದಲು ಕ್ರಮಸಂಖ್ಯೆಗಳಿರುತ್ತಿದ್ದವು. ಹೆಸರುಗಳನ್ನು ಅವಳು ಒಂದೊಂದಾಗಿ ನೋಡಿದ್ದು ಈ ಹಾಳೆಯಲ್ಲಿಯೇ.

“ಬಾಗಿಲ ಹತ್ತರ ಕಂಬದ ಹಿಂದ ಕುಂಡ್ರತಾಳಲ್ಲ, ಇದರಾಗ ಆಕಿ ಹೆಸರು ಯಾವುದು, ತೋರಸವ್ವಾ,” ಎಂದರು ಮಾಸ್ತರು.

ಶಶಿಕಲಾಳ ಬೆರಳು ಮೊದಲ ಹೆಸರಿನಿಂದ ಹನ್ನೊಂದನೆಯ ಹೆಸರಿನವರೆಗೆ ಮೆಲ್ಲಗೆ ಇಳಿಯಿತು. ಎಲ್ಲಿಯೂ ನಿಲ್ಲಲಿಲ್ಲ.