ಮೊದಲ ತಂತಿಯ ಬಿಸಿಲು

ಒಂದು ದಿನವೂ ತಪ್ಪದ ನನ್ನ ಹಳೆಯ ದಿನಚರಿಯಲ್ಲಿ ಇದು ೧೯೮೪ರ ಫೆಬ್ರವರಿ ೯, ಗುರುವಾರದ ಸಂಗತಿ.

ಮಹಡಿಯ ಮೇಲೆ, ಬಿಸಿಲು ಬೀಳುವ ಮೊದಲ ತಂತಿಯ ಉದ್ದಕ್ಕೂ ರೇಷ್ಮೆ ಸೀರೆ ಹರಡಿಕೊಂಡಿತ್ತು. ಹಿಂದಿನ ತಂತಿಯ ಟವೆಲ್ಲು, ಲಂಗ, ಮಸಿಬಟ್ಟೆಗಳು ಅದರ ನೆರಳಿನಲ್ಲಿ ಒದ್ದೆಯಾಗಿಯೇ ನೇತಾಡುತ್ತಿದ್ದವು.

“ಅಮ್ಮಾವ್ರೇ, ಸ್ವಲ್ಪ ಸರಿಯಿರಿ,” ಎಂದಿತು ಮಸಿಬಟ್ಟೆ. “ಇವತ್ತೂ ಒಣಗದೆ ನಾತ ಹೊಡೆದರೆ ನನ್ನನ್ನು ತಿಪ್ಪೆಗೆ ಎಸೆಯುತ್ತಾರೆ.”

“ಈ ತಂತಿ ನನ್ನದು,” ಎಂದಿತು ಸೀರೆ.

“ರೇಷ್ಮೆ ಒಣಗಬೇಕಾದ್ದು ನೆರಳಲ್ಲಲ್ಲವೇ? ಬಿಸಿಲಿಗೆ ನಿಮ್ಮ ಬಣ್ಣವೇ ಹೋಗುತ್ತದೆ.”

“ಹೋಗಲಿ. ನನ್ನ ಬಣ್ಣ, ನನ್ನ ಬಿಸಿಲು.”

ಸೀರೆಯನ್ನು ಹಿಡಿದಿದ್ದ ಕ್ಲಿಪ್ಪುಗಳಿಗೆ ಈ ಮಾತು ಕೇಳಿಸಿತು. ಒಂದು ಕ್ಲಿಪ್ಪು ಹಿಡಿತ ಬಿಟ್ಟು ಕೆಳಗೆ ಬಿತ್ತು.

ಸೀರೆ ನಕ್ಕಿತು. “ಒಬ್ಬ ಬಿಟ್ಟರೆ ನಾನು ಬೀಳುತ್ತೇನೆಯೇ?”

“ಇಲ್ಲ,” ಎಂದಿತು ಪಕ್ಕದ ಕ್ಲಿಪ್ಪು. “ಅದಕ್ಕೇ ನಾವೂ ಬಿಡುತ್ತಿದ್ದೇವೆ.”

ಪಟಪಟನೆ ಎಲ್ಲ ಕ್ಲಿಪ್ಪುಗಳೂ ಬಾಯಿ ತೆರೆದವು. ಸೀರೆ ಗಾಳಿಪಟದಂತೆ ಹಾರಿ ನಿಂಬೆ ಗಿಡದ ಮೇಲೆ ಕುಳಿತಿತು. ಟವೆಲ್ಲುಗಳು ಕುಣಿದವು, ಲಂಗ ಬುಗುರಿಯಂತೆ ತಿರುಗಿತು, ಮಸಿಬಟ್ಟೆ ಸಂಜೆಗೆ ಮೊದಲೇ ಗರಿಗರಿಯಾಯಿತು.

ಆದ ನಷ್ಟ ಇಷ್ಟು: ಸೀರೆಯ ಸೆರಗು ಮುಳ್ಳಿಗೆ ಸಿಕ್ಕಿ ಗೇಣುದ್ದ ಹರಿಯಿತು. ಮೊದಲು ಬಿದ್ದ ಕ್ಲಿಪ್ಪು ಮುರಿಯಿತು. ಅದು ಮತ್ತೆ ತಂತಿ ಏರಲಿಲ್ಲ.