ಉಗುರು ನೋಡುತ್ತಿದ್ದ ಹಡಪದ ತಿಪ್ಪಣ್ಣ

ಬಹಳ ಬಹಳ ಹಿಂದೆ, ಹೊಳೆಗೆ ಇನ್ನೂ ಸೇತುವೆ ಕಟ್ಟಿರದ ಕಾಲದಲ್ಲಿ, ನೂಲಗಿ ಅಂತ ಒಂದೂರಿತ್ತು. ಊರಿಗೆ ಊರೇ ನೇಕಾರರದ್ದು. ಹೊತ್ತು ಮೂಡಿತೆಂದರೆ ಮನೆಮನೆಯಲ್ಲೂ ಮಗ್ಗದ ಸದ್ದು. ಆ ಊರಲ್ಲಿ ತಿಪ್ಪಣ್ಣ ಅಂತ ಒಬ್ಬ ಹಡಪದವನಿದ್ದ. ಚಾವಡಿ ಮುಂದಿನ ಬೇವಿನ ಮರದ ಕೆಳಗೆ ಕೂತು ಊರವರ ತಲೆ, ಗಡ್ಡ, ಉಗುರು ತೆಗೆಯುವುದು ಅವನ ಕಸುಬು. ಅವನ ಕೈ ಎಷ್ಟು ಹಗುರ ಅಂದರೆ, ಮಲಗಿದ ಕೂಸಿನ ಜವಳ ತೆಗೆದರೂ ಕೂಸಿಗೆ ಎಚ್ಚರವಾಗುತ್ತಿರಲಿಲ್ಲವಂತೆ. ಇಂಥವೆಲ್ಲ ಬಾಯಿಂದ ಬಾಯಿಗೆ ಬೆಳೆದ ಮಾತು, ಇರಲಿ. ಅವನ ಹೆಸರು ಉಳಿದದ್ದು ಕೈಯಿಂದಲ್ಲ, ಕಣ್ಣಿಂದ.

ತಿಪ್ಪಣ್ಣನಿಗೆ ಸಾಬಣ್ಣ ಅಂತ ಒಬ್ಬ ಅಣ್ಣ. ಸನಾದಿ ಊದುವವನು. ಸಾಬಣ್ಣನ ಸನಾದಿ ಇಲ್ಲದೆ ಸುತ್ತಿನ ಹನ್ನೆರಡು ಹಳ್ಳಿಗಳಲ್ಲಿ ಒಂದು ಮದುವೆಯೂ ಆಗುತ್ತಿರಲಿಲ್ಲವಂತೆ. ಆದರೆ ಅವನ ಮೈಗೆ ಒಂದು ಕಾಯಿಲೆ. ಮೊಣಕೈ, ಮೊಣಕಾಲು, ನೆತ್ತಿ, ಕಿವಿಯ ಹಿಂದೆ ಕೆಂಪು ಬಿಲ್ಲೆ ಎದ್ದು ಅದರಿಂದ ಬೆಳ್ಳಗೆ ಹೊಟ್ಟು ಉದುರುತ್ತಿತ್ತು. ಈಗ ದವಾಖಾನೆಯಲ್ಲಿ ಸೋರಿಯಾಸಿಸ್ ಅಂತಾರಲ್ಲ, ಅದು. ಆಗ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ಸಾಬಣ್ಣ ಉದ್ದ ತೋಳಿನ ಅಂಗಿ ತೊಟ್ಟು, ರುಮಾಲು ಬಿಗಿದು, ಸನಾದಿ ಊದುತ್ತಲೇ ಇದ್ದ.

ಒಂದು ವರ್ಷ ಅವನ ಬೆರಳು ಹಿಡಿದುಕೊಂಡವು. ಮರುವರ್ಷ ಬಾತವು. ಅದರ ಮರುವರ್ಷ ಸೊಟ್ಟಗಾಗಿ ಹಾಗೇ ನಿಂತುಬಿಟ್ಟವು. ಆ ಬೆರಳಿಂದ ತೂತು ಮುಚ್ಚುವುದೆಲ್ಲಿ ಬಂತು? ಸನಾದಿ ಗೋಡೆಯ ಗೂಟ ಸೇರಿತು.

ತಿಪ್ಪಣ್ಣನಿಗೆ ಆ ದಿನದಿಂದ ಅನ್ನ ಸೇರಲಿಲ್ಲ ಅಂತಾರೆ. ಯಾಕೆಂದರೆ ಹದಿನೈದು ದಿನಕ್ಕೊಮ್ಮೆ ಆ ಬೆರಳುಗಳ ಉಗುರು ತೆಗೆದವನು ಅವನೇ. ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಕುಳಿ ಬಿದ್ದದ್ದನ್ನು ಅವನು ನೋಡಿದ್ದ. ಉಗುರು ಬುಡ ಬಿಟ್ಟು ಮೇಲೆದ್ದು ಹಳದಿಯಾದದ್ದನ್ನೂ ನೋಡಿದ್ದ. ನೋಡಿ, ಕತ್ತರಿಸಿ, ಕೊಡವಿ ಎದ್ದಿದ್ದ. ನೋಡಿಯೂ ಯಾಕೆ ಹೇಳಲಿಲ್ಲ ಅಂತ ಸಾಬಣ್ಣ ಒಮ್ಮೆಯಾದರೂ ಕೇಳಿದ್ದರೆ ತಿಪ್ಪಣ್ಣನಿಗೆ ಅಳುವುದಕ್ಕಾದರೂ ಆಗುತ್ತಿತ್ತು. ಸಾಬಣ್ಣ ಕೇಳಲಿಲ್ಲ.

ಕಡೆಗೆ ತಿಪ್ಪಣ್ಣನೇ ಅಣ್ಣನ ಎದುರು ಕೂತು ಕೇಳಿದ. ಬೆರಳು ಬಾಯುವುದಕ್ಕೆ ಮೊದಲು ಏನಾಗಿತ್ತು? ಅದಕ್ಕೂ ಮೊದಲು? ಸಾಬಣ್ಣ ನೆನೆನೆನೆದು ಹೇಳಿದ. ಮೊದಲು ಹಿಮ್ಮಡ ನೋಯುತ್ತಿತ್ತು, ಹಾಸಿಗೆಯಿಂದೆದ್ದು ನೆಲಕ್ಕೆ ಕಾಲೂರಿದರೆ ಮುಳ್ಳು ತುಳಿದ ಹಾಗೆ. ಆಮೇಲೆ ಕಾಲಿನ ಒಂದೇ ಒಂದು ಬೆರಳು ಬುಡದಿಂದ ತುದಿತನಕ ಬಾತಿತು, ಮೆಣಸಿನಕಾಯಿ ಬಜ್ಜಿಯ ಹಾಗೆ. ಬೆಳಗಾಗೆದ್ದರೆ ಕೈ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ, ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಸಡಿಲಾಗುತ್ತಿತ್ತು. ಹೀಗಾಗಿ ಯಾರಿಗೂ ಹೇಳಲಿಲ್ಲ, ಹೇಳುವಂಥದ್ದೇನು ಅನಿಸಿತು.

ಆಮೇಲೆ ತಿಪ್ಪಣ್ಣ ಸುತ್ತಿನ ಹಳ್ಳಿಗಳಿಗೆ ಹೋದ. ಮೈಮೇಲೆ ಬಿಲ್ಲೆ ಇದ್ದವರು ಎಲ್ಲೇ ಇರಲಿ, ಅವರ ಕಟ್ಟೆಗೆ ಹೋಗಿ ಕೂತ. ಅವರ ತಲೆ ಮುಟ್ಟಿದ, ಅವರ ಕೊಡದ ನೀರು ಕುಡಿದ. ಮುಟ್ಟಿದರೆ ಅಂಟುತ್ತದೆ ಅಂತ ಜನ ದೂರ ಸರಿಯುತ್ತಿದ್ದ ಕಾಲ ಅದು. ಇವನಿಗೆ ಅಂಟಲಿಲ್ಲ. ಕೇಳಿ ಕೇಳಿ ಅವನು ತಿಳಿದುಕೊಂಡದ್ದು ಇಷ್ಟು. ಬಿಲ್ಲೆ ಇದ್ದವರಿಗೆಲ್ಲ ಕೀಲು ಹಿಡಿಯುವುದಿಲ್ಲ. ಕೆಲವರಿಗೆ ಹಿಡಿಯುತ್ತದೆ. ಮೈತುಂಬ ಬಿಲ್ಲೆ ಇದ್ದವನು ಸುಖವಾಗಿ ಓಡಾಡಿಕೊಂಡಿರಬಹುದು, ಕಿವಿಯ ಹಿಂದೆ ಕಾಸಿನಗಲ ಇದ್ದವನಿಗೆ ಬೆರಳು ಸೊಟ್ಟಗಾಗಬಹುದು. ಉಗುರಿನಲ್ಲಿ ಕುಳಿ ಬಿದ್ದವರನ್ನು ಮಾತ್ರ ಕಣ್ಣಿಟ್ಟು ಕಾಯಬೇಕು.

ಹೀಗಿರುವಾಗ ನೂಲಗಿಯಲ್ಲಿ ಬನಪ್ಪ ಅಂತ ಒಬ್ಬ ನೇಕಾರರ ಹುಡುಗ. ಅವನು ನೇಯ್ದ ಸೆರಗಿನ ಮೇಲೆ ಇರುವೆ ಬಿಟ್ಟರೆ ಎಳೆಗೆ ಎಳೆ ಸೇರಿದ ಜಾಗ ಹುಡುಕಲಾರದೆ ಅದು ಸುತ್ತುತ್ತಲೇ ಇರುತ್ತಿತ್ತಂತೆ. ಅವನಿಗೂ ನೆತ್ತಿ ಮೇಲೆ, ಮೊಣಕೈ ಮೇಲೆ ಬಿಲ್ಲೆ. ಒಂದು ಬೆಳಿಗ್ಗೆ ಗಡ್ಡಕ್ಕೆ ಬಂದು ಕೂತ. ತಿಪ್ಪಣ್ಣ ಬಲಗೆನ್ನೆ ಮುಗಿಸಿ, ಯಾಕೋ ಅವನ ಕೈಯನ್ನು ಬಿಸಿಲಿಗೆ ತಿರುಗಿಸಿದ. ಹೆಬ್ಬೆರಳಿನ ಉಗುರಲ್ಲಿ ಎಂಟು ಹತ್ತು ಕುಳಿ.

"ಬನಪ್ಪಾ, ಮುಂಜಾನೆದ್ದಾಗ ಹಿಮ್ಮಡ ನೋಯ್ತೈತೇನು?"

"ಮಗ್ಗದ ಕುಣ್ಯಾಗ ಕುಂತು ದಿನಾ ಪೂರ್ತಿ ತುಳೀತೀನಿ ಕಾಕಾ. ನೋಯದ ಏನ್ಮಾಡ್ತೈತಿ?"

"ತುಳಿದು ನೋಯೋದಾದ್ರ ಸಂಜಿಗೆ ನೋಯಬೇಕು. ಮಲಗಿ ಎದ್ದಾಗ ಯಾಕ ನೋಯ್ತೈತಿ?"

ಬನಪ್ಪ ಎಡಗಾಲನ್ನು ಮೆಲ್ಲಗೆ ಧೋತರದೊಳಗೆ ಎಳೆದುಕೊಂಡ. ತಿಪ್ಪಣ್ಣ ಬಗ್ಗಿ ಧೋತರ ಸರಿಸಿ ನೋಡಿದ. ಎರಡನೆಯ ಬೆರಳು ಬುಡದಿಂದ ತುದಿತನಕ ಬಾತಿತ್ತು.

ಬನಪ್ಪ ಆಚೀಚೆ ನೋಡಿ ದನಿ ಇಳಿಸಿದ. "ಕಾಕಾ, ಕೈ ಮುಗೀತೀನಿ, ಯಾರ ಮುಂದೂ ಅನಬ್ಯಾಡ. ಮೈಮ್ಯಾಲೆ ಬಿಲ್ಲಿ ಇದ್ರೂ ಕೈ ಛಲೋ ಐತಿ ಅಂತ ಹೆಣ್ಣು ಕೊಡಾಕ ಒಪ್ಯಾರ. ಕೈನೂ ಹೋಗತೈತಿ ಅಂತ ಗೊತ್ತಾದ್ರ ನನಗ ಏನ ಉಳೀತು?"

"ಯಾರಿಗೂ ಅನ್ನೂದಿಲ್ಲ. ಹೊಳೀ ಆಚಿ ವೈದ್ಯರ ಕಡೆ ನಡಿ."

ಮದುವೆಯಾಗಲಿ, ಆಮೇಲೆ ನೋಡೋಣ ಅಂದ ಬನಪ್ಪ. ತಿಪ್ಪಣ್ಣ ಕತ್ತಿ ಮಡಚಿ ಚೀಲಕ್ಕೆ ಹಾಕಿದ. ಉಳಿದ ಕೆನ್ನೆಯನ್ನು ವೈದ್ಯರ ಬಳಿ ಹೋಗಿ ಬಂದ ಮೇಲೆ ಮಾಡುತ್ತೇನೆ ಅಂತ ಹೇಳಿ ಎದ್ದು ಹೋದ.

ಅರ್ಧ ಗಡ್ಡ ಹೊತ್ತು ಬನಪ್ಪ ಮನೆಗೆ ಹೋದ. ಊರಲ್ಲಿ ಇನ್ನೊಬ್ಬ ಹಡಪದವನಿಲ್ಲ. ಮುಖಕ್ಕೆ ವಸ್ತ್ರ ಸುತ್ತಿ ಪಕ್ಕದೂರಿಗೆ ಹೋದರೆ, ಅಲ್ಲಿಯವನು ನೋಡಿ, ಇದು ತಿಪ್ಪಣ್ಣನ ಕೆಲಸ, ಕಾರಣ ಇಲ್ಲದೆ ಅವನು ಬಿಟ್ಟಿರಲಾರ ಅಂತ ವಾಪಸು ಕಳಿಸಿದ. ಮೂರು ದಿನ ಬನಪ್ಪ ಬಾಗಿಲು ಹಾಕಿಕೊಂಡು ನೇಯ್ದ. ಬಯ್ದುಕೊಂಡು ನೇಯ್ದ. ನಾಲ್ಕನೆಯ ಬೆಳಿಗ್ಗೆ ಲಾಳಿ ಹಿಡಿಯಲು ಹೋದರೆ ಬಲಗೈಯ ನಡುಬೆರಳು ಮಡಚಲಿಲ್ಲ. ಆಗ ಎದ್ದು ಬಂದ. ಬೇವಿನ ಮರದ ಕೆಳಗೆ ತಿಪ್ಪಣ್ಣ ಬುತ್ತಿ ಕಟ್ಟಿಕೊಂಡೇ ಕೂತಿದ್ದ. ಪಕ್ಕದಲ್ಲಿ ಸಾಬಣ್ಣ.

ಮೂವರೂ ಹರಗೋಲು ಹತ್ತಿ ಹೊಳೆ ದಾಟಿದರು. ವೈದ್ಯ ಗುರುಪಾದಯ್ಯ ದೊಡ್ಡ ಹೆಸರಿನವನು, ಮೊದಲಿಗೆ ಹಗುರವಾಗಿಯೇ ತೆಗೆದುಕೊಂಡ. ನೇಕಾರನಿಗೆ ಕೈಕಾಲು ನೋವು ಹೊಸದೇನು, ಎಣ್ಣೆ ಹಚ್ಚಿಕೊಳ್ಳಲಿ ಅಂದ. ತಿಪ್ಪಣ್ಣ ವಾದ ಮಾಡಲಿಲ್ಲ. ಅಣ್ಣನ ಕಡೆ ನೋಡಿದ. ಸಾಬಣ್ಣ ಮುಂದೆ ಬಂದು ತನ್ನ ಸೊಟ್ಟ ಕೈಯನ್ನು ಬನಪ್ಪನ ಕೈಯ ಪಕ್ಕಕ್ಕೆ ಚಾಪೆಯ ಮೇಲಿಟ್ಟ.

"ಮೂರು ವರ್ಷದ ಹಿಂದ ಇದೂ ಅದರಂಗ ಇತ್ತರಿ."

ವೈದ್ಯ ಎರಡೂ ಕೈಗಳನ್ನು ಬಹಳ ಹೊತ್ತು ನೋಡಿದ. ಉಗುರುಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಎದ್ದು ಹೋಗಿ ಕೈ ತೊಳೆದು ಬಂದು, ಮೊದಲಿನಿಂದ ಹೇಳು ಅಂತ ತಿಪ್ಪಣ್ಣನನ್ನು ಎದುರಿಗೆ ಕೂರಿಸಿಕೊಂಡನಂತೆ.

ಬನಪ್ಪ ನಾಲ್ಕು ತಿಂಗಳು ಅಲ್ಲೇ ಉಳಿದ. ಔಷಧಿ, ಪಥ್ಯ, ಬಿಸಿ ಶಾಖ, ದಿನಾ ಬೆಳಿಗ್ಗೆ ಬೆಚ್ಚನೆ ನೀರಲ್ಲಿ ಬೆರಳು ಮಡಚಿ ಬಿಚ್ಚುವುದು. ಕಾಯಿಲೆ ಹೋಗಲಿಲ್ಲ. ಈಗಲೇ ಹೇಳಿಬಿಡಬೇಕು, ಯಾಕೆಂದರೆ ತಿಪ್ಪಣ್ಣ ಮುಟ್ಟಿದ ಕೂಡಲೇ ಹೋಯಿತು ಅಂತ ಹೇಳುವವರೂ ಇದ್ದಾರೆ. ಹೋಗಲಿಲ್ಲ. ಬಂತು, ಇಳಿಯಿತು, ಮತ್ತೆ ಬಂತು. ಆದರೆ ಬಂದಾಗಲೆಲ್ಲ ಅವನು ಕಾಯದೆ ಹೊಳೆ ದಾಟಿದ. ಒಂದು ಬೆರಳು ಸ್ವಲ್ಪ ಬಾಗಿತು. ಒಂಬತ್ತು ಉಳಿದವು.

ಆ ಮೊದಲ ದಿನ ಬನಪ್ಪನನ್ನು ವೈದ್ಯರ ಬಳಿ ಬಿಟ್ಟು ಅಣ್ಣತಮ್ಮ ಇಬ್ಬರೇ ಹರಗೋಲಿನಲ್ಲಿ ವಾಪಸಾಗುವಾಗ, ನಡುಹೊಳೆಯಲ್ಲಿ ಸಾಬಣ್ಣ ತನ್ನ ಕೈಯನ್ನೇ ನೋಡುತ್ತ, "ತಿಪ್ಪಾ, ಈ ಕೈ ಇವತ್ತೊಂದು ಕೆಲಸಾ ಮಾಡ್ತು ನೋಡು" ಅಂದ. ತಿಪ್ಪಣ್ಣ ಆಗ ಅತ್ತ ಅಂತಾರೆ. ಹರಗೋಲಿನವನು ಹುಟ್ಟು ಹಾಕುವುದನ್ನೇ ನಿಲ್ಲಿಸಿದನಂತೆ.

ಆ ಹೆಣ್ಣಿನ ಸಂಬಂಧ ಮಾತ್ರ ಮುರಿಯಿತು. ಬನಪ್ಪನೇ ಹೋಗಿ ಇದ್ದದ್ದನ್ನು ಹೇಳಿದ, ಅವರು ಬೇಡ ಅಂದರು. ಅದಕ್ಕೆ ಅವನು ತಿಪ್ಪಣ್ಣನ ಜೊತೆ ಎರಡು ವರ್ಷ ಮಾತು ಬಿಟ್ಟ. ಮಾತು ಬಿಟ್ಟರೂ ಹದಿನೈದು ದಿನಕ್ಕೊಮ್ಮೆ ಬೇವಿನ ಮರದ ಕೆಳಗೆ ಬಂದು, ಮುಖ ಆ ಕಡೆ ತಿರುಗಿಸಿ, ಕೈ ಈ ಕಡೆ ಚಾಚುತ್ತಿದ್ದ. ತಿಪ್ಪಣ್ಣ ಉಗುರು ನೋಡಿ ಕಳಿಸುತ್ತಿದ್ದ. ಮುಂದೆ ಬೇರೆ ಕಡೆ ಮದುವೆಯಾಗಿ, ಮೊಮ್ಮಕ್ಕಳ ಮದುವೆಯ ಸೀರೆಯನ್ನೂ ಬನಪ್ಪ ತನ್ನ ಕೈಯಾರೆ ನೇಯ್ದ.

ಮಾತು ಬೆಳೆಯಿತು. ತಿಪ್ಪಣ್ಣ ಊರಾಳುತ್ತಿದ್ದ ದೇಸಾಯರ ಗಡ್ಡವನ್ನೂ ಅರ್ಧಕ್ಕೆ ಬಿಟ್ಟಿದ್ದ ಅಂತಾರೆ. ನೆರಳು ನೋಡಿಯೇ ಯಾರ ಹಿಮ್ಮಡ ನೋಯುತ್ತಿದೆ ಅಂತ ಹೇಳುತ್ತಿದ್ದ ಅಂತಾರೆ. ಕೇಳಿದವರಿಗೆ ಅವನು ಹೇಳುತ್ತಿದ್ದದ್ದು ಒಂದೇ: ಔಷಧಿ ಕೊಟ್ಟವರು ವೈದ್ಯರು, ತಾನು ಬರೀ ನೋಡಿದವನು.

ಈಗ ನೂಲಗಿಯಲ್ಲಿ ಕನ್ನಡಿ, ತಿರುಗುವ ಕುರ್ಚಿ ಇರುವ ಮೂರು ಸಲೂನುಗಳಿವೆ. ಯಾವುದಕ್ಕೇ ಹೋಗಿ, ಹೆಗಲ ಮೇಲೆ ಬಟ್ಟೆ ಹಾಕುವ ಮೊದಲು ಅವರು ನಿಮ್ಮ ಎರಡೂ ಕೈ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸುತ್ತಾರೆ. ಪರ ಊರಿನವರು ಮುಜುಗರಪಟ್ಟುಕೊಳ್ಳುತ್ತಾರೆ, ಊರಿನವರು ತಾವಾಗಿಯೇ ಚಾಚುತ್ತಾರೆ. ಮೈಮೇಲೆ ಬಿಲ್ಲೆ ಇರುವವರು ಯಾರ ಮನೆಯಲ್ಲಿದ್ದರೂ, ಬೆಳಿಗ್ಗೆ ಚಹಾ ಕೊಡುವಾಗ ಕೇಳುವ ಮಾತು ಒಂದೇ, "ಹಿಮ್ಮಡ ಹೆಂಗೈತಿ?" ನಾಲ್ಕು ದಿನ ಸಾಲಾಗಿ ಉತ್ತರ ಹೇಳಲು ಹಿಂದೆಮುಂದೆ ನೋಡಿದರೆಂದರೆ, ಮನೆಯ ಹಿರಿಯರು ಸಂಬಂಧ ನೋಡುವ ಮಾತನ್ನೂ ಮಗ್ಗದ ಮೇಲಿನ ಸೀರೆಯನ್ನೂ ಬದಿಗಿಟ್ಟು, ಅವರನ್ನು ಕರೆದುಕೊಂಡು ಕೀಲಿನ ಡಾಕ್ಟರ್ ಇರುವ ಊರಿಗೆ ಮೊದಲ ಬಸ್ಸು ಹತ್ತುತ್ತಾರೆ.